ಮೊದಲು ನೀರಿಗಿಳಿಯಿರಿ, ಆಮೇಲೆ ನಡೆಯಿರಿ

ಓದುಗರ ಪ್ರಶ್ನೆ – ಡೈವಿಂಗ್ ಶಿಕ್ಷಕಿಯ ಉತ್ತರ

ಕಡಲತೀರದ ಚಾರಣವನ್ನೂ ಸ್ಕೂಬಾ ಕಲಿಕೆಯನ್ನೂ ಒಂದೇ ಪ್ರವಾಸದಲ್ಲಿ ಮುಗಿಸಬೇಕು ಎನ್ನುವವರ ಪತ್ರಗಳೇ ಈ ಸಲ ಹೆಚ್ಚು. ಡೈವಿಂಗ್ ಕಲಿಸುವುದು ನನ್ನ ವೃತ್ತಿ, ದಡದ ಮೇಲೆ ನಡೆಯುವುದು ರಜೆ ಸಿಕ್ಕಾಗಿನ ಖುಷಿ. ಹಾಗಾಗಿ ಉತ್ತರಗಳು ಸ್ವಲ್ಪ ಉದ್ದವಾದವು.

ಪ್ರಶ್ನೆ: ಮೂರು ವಾರ ರಜೆ ಸಿಕ್ಕಿದೆ. ಮೊದಲು ಕಡಲತೀರದ ರಾಷ್ಟ್ರೀಯ ಉದ್ಯಾನವೊಂದರಲ್ಲಿ ಐದು ದಿನ ಚಾರಣ, ಕೊನೆಗೆ ಸ್ಕೂಬಾ ಕೋರ್ಸ್ ಎಂದು ಯೋಜನೆ ಹಾಕಿದ್ದೇನೆ. ನಡೆದು ನಡೆದು ಮೈ ಹದವಾಗಿರುತ್ತದೆ, ಡೈವಿಂಗ್ ಸುಲಭವಾಗುತ್ತದೆ ಎಂಬ ಲೆಕ್ಕಾಚಾರ. ಕೊನೆಯ ಡೈವ್ ಬೆಳಿಗ್ಗೆ, ವಾಪಸ್ ವಿಮಾನ ಅದೇ ರಾತ್ರಿ. ಸರಿಯಿದೆಯೇ?
– 26 ವರ್ಷದ ಓದುಗ

ಇಲ್ಲ ತಮ್ಮಾ, ಮೊದಲು ಆ ರಾತ್ರಿಯ ಟಿಕೆಟ್ ಬದಲಿಸು. ಉಳಿದದ್ದು ಆಮೇಲೆ ಮಾತಾಡೋಣ.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದೊಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತಾ ಹೋಗುತ್ತದೆ. ಮೊದಲ ಹಂತದ ಕೋರ್ಸಿನಲ್ಲಿ ಇಳಿಯಬಹುದಾದ ಗರಿಷ್ಠ ಆಳ 18 ಮೀಟರ್. ಅಲ್ಲಿ ನೀನು ದಡದಲ್ಲಿರುವುದಕ್ಕಿಂತ ಮೂರು ಪಟ್ಟಿಗೆ ಸ್ವಲ್ಪವೇ ಕಡಿಮೆ ಒತ್ತಡದ ಗಾಳಿಯನ್ನು ಉಸಿರಾಡುತ್ತಿರುತ್ತೀಯ. ಆ ಒತ್ತಡದಲ್ಲಿ ಗಾಳಿಯೊಳಗಿನ ನೈಟ್ರೋಜನ್ ರಕ್ತಕ್ಕೆ, ಕೊಬ್ಬಿಗೆ, ಕೀಲುಗಳಿಗೆ ಹೆಚ್ಚು ಹೆಚ್ಚಾಗಿ ಕರಗಿಕೊಳ್ಳುತ್ತದೆ. ಮೇಲೆ ಬಂದ ಮೇಲೂ ಅದು ಒಂದೇ ಸಲಕ್ಕೆ ಹೊರಟುಹೋಗುವುದಿಲ್ಲ. ಉಸಿರಿನ ಮೂಲಕ ಗಂಟೆಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಸೋಡಾ ಬಾಟಲಿಯ ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಗ್ಯಾಸ್ ಸದ್ದಿಲ್ಲದೆ ಹೋಗುತ್ತದೆ, ಒಮ್ಮೆಲೇ ತೆಗೆದರೆ ನೊರೆಯುಕ್ಕುತ್ತದೆ. ವಿಮಾನ ಹತ್ತುವುದೆಂದರೆ ಆ ಮುಚ್ಚಳ ತೆಗೆದಂತೆ. ಹಾರುವ ವಿಮಾನದೊಳಗಿನ ಒತ್ತಡ ನೆಲದ ಮಟ್ಟದ್ದಲ್ಲ, ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನದ್ದು. ಮೈಯಲ್ಲಿ ಉಳಿದ ನೈಟ್ರೋಜನ್ ಆಗ ಗುಳ್ಳೆಗಳಾಗಿ ಹೊರಬಂದರೆ ಕೀಲುನೋವಿನಿಂದ ಹಿಡಿದು ಕೈಕಾಲು ಸ್ವಾಧೀನ ತಪ್ಪುವವರೆಗೆ ಏನೂ ಆಗಬಹುದು.

ಡೈವಿಂಗ್ ವೈದ್ಯರು 2002ರಲ್ಲಿ ಕೂತು ಒಪ್ಪಿದ ಲೆಕ್ಕ ಹೀಗಿದೆ: ಒಂದೇ ಒಂದು ಸಾಧಾರಣ ಡೈವ್ ಮಾಡಿದ್ದರೆ ವಿಮಾನಕ್ಕೆ ಮುಂಚೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ. ಕೋರ್ಸ್ ಮುಗಿಸಿದವರೆಲ್ಲ ಎರಡನೆಯ ಗುಂಪಿಗೇ ಸೇರುತ್ತಾರೆ. ನಾನು ನನ್ನ ವಿದ್ಯಾರ್ಥಿಗಳಿಗೆ ಒಂದು ಇಡೀ ದಿನ ಬಿಡಿ ಎನ್ನುತ್ತೇನೆ. ವಿಮಾನವಷ್ಟೇ ಅಲ್ಲ, ಊರಿಗೆ ಹೋಗುವ ಬಸ್ಸು ಘಟ್ಟ ಹತ್ತಿ ಇಳಿಯುವುದಾದರೆ ಅದೂ ಲೆಕ್ಕಕ್ಕೆ ಬರುತ್ತದೆ. ಡೈವಿಂಗ್ ಶಾಲೆಯವರಿಗೆ ನಿನ್ನ ಪ್ರಯಾಣದ ದಾರಿಯನ್ನು ಮೊದಲೇ ಹೇಳು.

ಇನ್ನು ಯಾವುದು ಮೊದಲು ಎನ್ನುವ ಪ್ರಶ್ನೆ. ಡೈವಿಂಗ್ ಮೊದಲು, ಚಾರಣ ಆಮೇಲೆ. ಇದರಲ್ಲಿ ನನಗೆ ಎರಡು ಮಾತಿಲ್ಲ. ಕಡಲಂಚಿನ ದಾರಿ ಎತ್ತರಕ್ಕೆ ಹೋಗುವುದಿಲ್ಲ. ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ಸಾವಿರ ಕಿಲೋಮೀಟರಿಗೂ ಉದ್ದ, ಆದರೂ ಅದರ ಅತ್ಯಂತ ಎತ್ತರದ ಜಾಗ 318 ಮೀಟರ್. ಅಂದರೆ ವಿಮಾನಕ್ಕೆ ಕಾಯಬೇಕಾದ ಗಂಟೆಗಳು ನಡಿಗೆಯಲ್ಲೇ ಕಳೆದುಹೋಗುತ್ತವೆ, ರಜೆಯ ಒಂದು ದಿನವೂ ದಂಡವಾಗುವುದಿಲ್ಲ. ಎತ್ತರವಿಲ್ಲ ಎಂದು ಆ ದಾರಿ ಸಲೀಸು ಎಂದುಕೊಳ್ಳಬೇಡ. ಪ್ರತಿ ತೊರೆಯ ಬಾಯಿಗೆ ಇಳಿದು, ಮತ್ತೆ ಬಂಡೆಯ ತುದಿಗೆ ಹತ್ತಿ, ಮತ್ತೆ ಇಳಿಯುವ ದಾರಿ ಅದು. ಅದರ ಹತ್ತುವಿಕೆಯನ್ನೆಲ್ಲ ಕೂಡಿದರೆ 35,000 ಮೀಟರ್ ದಾಟುತ್ತದೆ, ಹತ್ತಿರ ಹತ್ತಿರ ನಾಲ್ಕು ಎವರೆಸ್ಟ್. ಭಾರದ ಚೀಲ ಹೊತ್ತು ಐದು ದಿನ ಹಾಗೆ ನಡೆದವರು ನನ್ನ ಹತ್ತಿರ ಬಂದಾಗ ಅವರ ಮೈ ಹದವಾಗಿರುವುದಿಲ್ಲ, ಸುಸ್ತಾಗಿರುತ್ತದೆ. ನೀರು ಸಾಕಷ್ಟು ಕುಡಿದಿರುವುದಿಲ್ಲ. ಕಾಲಿಗೆ ಈಜುರೆಕ್ಕೆ, ಅಂದರೆ ಫಿನ್ಸ್ ಹಾಕಿ ಹತ್ತು ಸಲ ಒದೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮೈಯಲ್ಲಿ ನೀರು ಕಡಿಮೆಯಿರುವುದು, ದಣಿವಿರುವುದು ಎರಡೂ ಡೈವರ್‌ಗೆ ಒಳ್ಳೆಯದಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ. ಡೈವಿಂಗನ್ನು ರಜೆಯ ಕೊನೆಗೆ ಇಟ್ಟರೆ ಅದಕ್ಕೆ ಮುಂದೂಡುವ ಜಾಗವೇ ಇರುವುದಿಲ್ಲ. ನಿನಗೆ ನೆಗಡಿ ಬಂದರೆ, ಗಾಳಿ ಎದ್ದು ನೀರು ಕದಡಿದರೆ, ಎರಡು ದಿನ ಕಾಯಬೇಕಾಗುತ್ತದೆ. ಟಿಕೆಟ್ಟಿನ ತಾರೀಕು ತಲೆಯ ಮೇಲೆ ಕೂತಿದ್ದರೆ ಕಾಯುವುದು ಯಾರಿಂದಲೂ ಆಗುವುದಿಲ್ಲ. ಕಟ್ಟಿದ ಮೂಗಿನಲ್ಲೇ ಇಳಿಯುವವರು, ಅಲೆಯಿದ್ದರೂ ದೋಣಿ ಹತ್ತುವವರು ಸಾಮಾನ್ಯವಾಗಿ ಮರುದಿನ ಊರಿಗೆ ಹೊರಡಬೇಕಾದವರೇ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ತಲುಪಿದ ಮೇಲೆ ಎರಡು ದಿನ ಏನೂ ಇಲ್ಲ, ನಿದ್ದೆ ಮತ್ತು ದಡದಲ್ಲಿ ಓಡಾಟ. ನಾಲ್ಕು ದಿನ ಕೋರ್ಸ್, ಅದರ ಬೆನ್ನಿಗೆ ಎರಡು ಖಾಲಿ ದಿನ. ಕೋರ್ಸ್ ತಡವಾದರೆ ಅವು ಬೇಕಾಗುತ್ತವೆ, ಆಗದಿದ್ದರೆ ಕಲಿತದ್ದನ್ನು ಗಟ್ಟಿಮಾಡುವ ಇನ್ನೊಂದೆರಡು ಡೈವ್. ಕೊನೆಯ ಡೈವ್ ಆದ ಮೇಲೆ ಒಂದು ದಿನ ಪೂರ್ತಿ ವಿಶ್ರಾಂತಿ, ಯಾಕೆಂದರೆ ಡೈವ್ ಆದ 24 ಗಂಟೆ ಮೈ ದಂಡಿಸುವ ಕೆಲಸ ಬೇಡ ಎನ್ನುವುದು ವೈದ್ಯರ ಸಾಮಾನ್ಯ ಸಲಹೆ. ಆಮೇಲೆ ಚೀಲ ಹೆಗಲಿಗೇರಿಸು. ಚಾರಣದ ಪರವಾನಗಿಯ ತಾರೀಕು ಮೊದಲೇ ಗಟ್ಟಿಯಾಗಿ ಹೋಗಿದ್ದರೆ, ಬದಲಿಸಲಾಗದಿದ್ದರೆ, ಚಾರಣ ಮೊದಲಿರಲಿ. ಆದರೆ ಅದರ ನಂತರ ಎರಡು ದಿನ ಕಾಲಿಗೆ ಬಿಡುವು ಕೊಟ್ಟು, ವಿಮಾನಕ್ಕಿಂತ ಎರಡು ದಿನ ಮುಂಚೆ ಡೈವಿಂಗ್ ಮುಗಿಸು.

ಪ್ರಶ್ನೆ: ನನಗೆ 52 ವರ್ಷ. ಮಗಳು ಡೈವರ್. ಈ ಸಲ ಜೊತೆಗೆ ಬಾ, ನೀನೂ ಕಲಿ ಎಂದು ಹಟ ಹಿಡಿದಿದ್ದಾಳೆ. ಈಜು ಅಷ್ಟಕ್ಕಷ್ಟೇ. ನೀರಿನೊಳಗೆ ಉಸಿರು ಕಟ್ಟುತ್ತದೆ ಎಂಬ ಹೆದರಿಕೆ ಬೇರೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ?
– ಗೃಹಿಣಿ

ಬೇಕೇ ಬೇಡವೇ ಎನ್ನುವುದನ್ನು ನೀವೇ ತೀರ್ಮಾನಿಸಬೇಕಮ್ಮ, ಮಗಳೂ ಅಲ್ಲ, ನಾನೂ ಅಲ್ಲ. ಬೇರೆಯವರ ಆಸೆಗೆ ನೀರಿಗಿಳಿದವರು ಖುಷಿಪಟ್ಟದ್ದನ್ನು ನಾನು ಹೆಚ್ಚು ಕಂಡಿಲ್ಲ. ಆದರೆ ಆಗುತ್ತದೆಯೇ ಎಂದು ಕೇಳಿದರೆ, ಖಂಡಿತ ಆಗುತ್ತದೆ. ಸ್ಕೂಬಾ ಕಲಿಯಲು ಗರಿಷ್ಠ ವಯಸ್ಸು ಅಂತ ಇಲ್ಲ. ನನ್ನಲ್ಲಿ ಕಲಿತ ಒಳ್ಳೆಯ ಡೈವರ್‌ಗಳಲ್ಲಿ ಹಲವರು ಐವತ್ತು ದಾಟಿದ ಹೆಂಗಸರು. ಅವರು ಅವಸರ ಮಾಡುವುದಿಲ್ಲ, ಹೇಳಿದ್ದನ್ನು ಕೇಳುತ್ತಾರೆ, ನಿಧಾನವಾಗಿ ಉಸಿರಾಡುತ್ತಾರೆ. ನೀರಿನೊಳಗೆ ಈ ಮೂರು ಗುಣಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ದೋಣಿಯ ಮೇಲೆ ಎಲ್ಲರಿಗಿಂತ ಜೋರಾಗಿ ಮಾತಾಡುವ ಗಟ್ಟಿಮುಟ್ಟು ಹುಡುಗರು ಅರ್ಧ ಗಂಟೆಯಲ್ಲಿ ಸಿಲಿಂಡರ್ ಖಾಲಿ ಮಾಡಿದರೆ, ಇವರ ಮೀಟರಿನಲ್ಲಿ ಇನ್ನೂ ಅರ್ಧದಷ್ಟು ಗಾಳಿ ಇರುತ್ತದೆ.

ಈಜಿನ ವಿಷಯಕ್ಕೆ ಬರೋಣ. ಕೋರ್ಸ್ ಮುಗಿಸಲು 200 ಮೀಟರ್ ಈಜಬೇಕು. ಹೊತ್ತಿನ ಮಿತಿಯಿಲ್ಲ, ಯಾವ ಬಗೆಯ ಈಜಾದರೂ ಸರಿ. ಜೊತೆಗೆ ಹತ್ತು ನಿಮಿಷ ಏನನ್ನೂ ಹಿಡಿಯದೆ ನೀರಿನ ಮೇಲೆ ತೇಲಬೇಕು. ಪ್ರವಾಸಕ್ಕೆ ಹೋಗಿ ಈಜು ಕಲಿಯುತ್ತೇನೆ ಎಂದುಕೊಳ್ಳಬೇಡಿ. ಹೊರಡುವ ಕೆಲವು ತಿಂಗಳ ಮುಂಚೆಯೇ ಹತ್ತಿರದ ಈಜುಕೊಳಕ್ಕೆ ಸೇರಿ. ಅಷ್ಟು ಸಮಯವಿಲ್ಲದಿದ್ದರೆ ಕೋರ್ಸ್ ಬಿಡಿ, ಒಂದು ಪರಿಚಯದ ಡೈವ್ ಮಾಡಿ. ಅದರಲ್ಲಿ ಶಿಕ್ಷಕರು ಉದ್ದಕ್ಕೂ ಪಕ್ಕದಲ್ಲೇ ಇರುತ್ತಾರೆ, 12 ಮೀಟರಿಗಿಂತ ಕೆಳಗೆ ಒಯ್ಯುವಂತಿಲ್ಲ.

ಇನ್ನು ಉಸಿರು ಕಟ್ಟುವ ಹೆದರಿಕೆ. ಬಾಯಲ್ಲಿ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ, ಇದ್ದರೆ ಗಾಳಿ ಬಂದೇ ಬರುತ್ತದೆ ಎನ್ನುವುದು ಎಲ್ಲರಿಗೂ ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ. ಜನ ಗಾಬರಿಯಾಗುವುದು ಗಾಳಿಗಲ್ಲ, ಮೂಗಿಗೆ ನೀರು ಮುಟ್ಟಿದಾಗ. ಮಾಸ್ಕ್‌ನೊಳಗೆ ನೀರು ಬಿಟ್ಟುಕೊಂಡು ಮೂಗಿನಿಂದ ಊದಿ ಹೊರಹಾಕುವ ಪಾಠವೊಂದಿದೆ. ಹತ್ತು ಜನರಲ್ಲಿ ನಾಲ್ಕೈದು ಜನ ತಡವರಿಸುವುದು ಅಲ್ಲೇ. ಅದನ್ನು ಮೊದಲೇ ಅಭ್ಯಾಸ ಮಾಡಬಹುದು. ಈಜುಕೊಳದ ಸೊಂಟದಾಳದ ಜಾಗದಲ್ಲಿ ನಿಂತು, ಮಾಸ್ಕ್ ಹಾಕದೆ, ಬಾಯಲ್ಲಿ ಸ್ನಾರ್ಕೆಲ್ ಕೊಳವೆ ಇಟ್ಟುಕೊಂಡು, ಮುಖ ನೀರಿನಲ್ಲಿಟ್ಟು ಬಾಯಿಂದ ಮಾತ್ರ ಉಸಿರಾಡಿ. ಮೊದಲ ಸಲ ಮೂಗು ತಾನಾಗಿ ನೀರೆಳೆಯಲು ನೋಡುತ್ತದೆ, ಕೆಮ್ಮು ಬರುತ್ತದೆ. ಎದ್ದು ನಿಲ್ಲಿ, ಮತ್ತೆ ಮಾಡಿ. ಒಂದು ದಿನ ಇದ್ದಕ್ಕಿದ್ದಂತೆ ಮೂಗು ಸುಮ್ಮನಾಗುತ್ತದೆ. ಆಮೇಲೆ ಸಮುದ್ರದಲ್ಲಿ ಮಾಸ್ಕ್ ತುಂಬಿದರೂ ನಿಮಗೆ ಏನೂ ಅನ್ನಿಸುವುದಿಲ್ಲ.

ನೆನಪಿಡಬೇಕಾದ ಒಂದೇ ಒಂದು ಕಟ್ಟಳೆ ಇದೆ: ಉಸಿರು ಹಿಡಿಯಬಾರದು. 10 ಮೀಟರ್ ಆಳದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ, ಅದಕ್ಕೆ ಒಂದೆರಡು ಮೀಟರ್ ಆಳವೂ ಸಾಕು. ಹೆದರಿಕೆಯಾದಾಗ ಮನುಷ್ಯ ಮೊದಲು ಮಾಡುವುದೇ ಉಸಿರು ಬಿಗಿಹಿಡಿಯುವುದು. ಅದಕ್ಕೇ ನಾನು ಹೆದರಿದವರನ್ನು ಎಂದೂ ತಳ್ಳಿ ಇಳಿಸುವುದಿಲ್ಲ.

ಆರೋಗ್ಯದ ಫಾರಂ ಕೊಡುತ್ತಾರೆ. ಅಸ್ತಮಾ, ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವಿಯ ಆಪರೇಷನ್ ಎಲ್ಲವನ್ನೂ ಕೇಳುತ್ತದೆ. 45 ದಾಟಿದವರಿಗೆ ಒಂದಷ್ಟು ಹೆಚ್ಚಿನ ಪ್ರಶ್ನೆಗಳಿರುತ್ತವೆ. ಯಾವುದಕ್ಕಾದರೂ ಹೌದು ಎಂದು ಬರೆದರೆ ವೈದ್ಯರ ಸಹಿ ಬೇಕಾಗಬಹುದು, ಹಾಗೆಂದು ಸುಳ್ಳು ಬರೆಯಬೇಡಿ. ಊರಲ್ಲಿರುವಾಗಲೇ ಆ ಫಾರಂ ತರಿಸಿಕೊಂಡು ನಿಮ್ಮ ವೈದ್ಯರಿಗೆ ತೋರಿಸಿ. ಅಪರಿಚಿತ ಊರಲ್ಲಿ, ದೋಣಿ ಹೊರಡುವ ಹೊತ್ತಿಗೆ ವೈದ್ಯರನ್ನು ಹುಡುಕುವ ಪಾಡು ಬೇಡ.

ಪ್ರಶ್ನೆ: ನ್ಯೂಜಿಲೆಂಡಿನ ಏಬಲ್ ಟ್ಯಾಸ್ಮನ್ ಉದ್ಯಾನದಲ್ಲಿ ನಾನೂ ನನ್ನ ಹೆಂಡತಿಯೂ ಚಾರಣ ಮಾಡಲಿದ್ದೇವೆ. ದಾರಿಯಲ್ಲಿ ಒಂದು ಅಳಿವೆಯನ್ನು ಇಳಿತದ ಹೊತ್ತಿಗೇ ದಾಟಬೇಕಂತೆ. ನಾವಿಬ್ಬರೂ ಬೆಟ್ಟ ಹತ್ತಿ ಅಭ್ಯಾಸವಿರುವವರು, ಸಮುದ್ರದ ಲೆಕ್ಕ ಗೊತ್ತಿಲ್ಲ. ಮೊಣಕಾಲುದ್ದ ನೀರಾದರೆ ದಾಟಲಾಗದೇ?
– ಚಾರಣಪ್ರಿಯ ದಂಪತಿ

ಮೊಣಕಾಲುದ್ದ ಎಂದು ನೀವು ಕಾಲಿಟ್ಟ ನೀರು ನಡುಮಧ್ಯ ತಲುಪುವಷ್ಟರಲ್ಲಿ ಸೊಂಟಕ್ಕೆ ಬಂದಿರುತ್ತದೆ. ಬೆಟ್ಟದ ಹೊಳೆಗೂ ಅಳಿವೆಗೂ ಇರುವ ವ್ಯತ್ಯಾಸವೇ ಅದು. ಮಳೆಯಿಲ್ಲದಿದ್ದರೆ ಹೊಳೆ ಕಂಡಷ್ಟೇ ಇರುತ್ತದೆ, ಅಳಿವೆ ಬೆಳೆಯುತ್ತಲೇ ಇರುತ್ತದೆ.

ಏಬಲ್ ಟ್ಯಾಸ್ಮನ್ ಕೋಸ್ಟ್ ಟ್ರ್ಯಾಕ್ ಸುಮಾರು 60 ಕಿಲೋಮೀಟರ್. ನೀವು ಹೇಳುತ್ತಿರುವುದು ಅವರೋವಾ ಅಳಿವೆ. ಪೂರ್ತಿ ಇಳಿತಕ್ಕೆ ಒಂದೂವರೆ ಗಂಟೆ ಮುಂಚಿನಿಂದ ಎರಡು ಗಂಟೆ ಆಮೇಲಿನವರೆಗೆ ಮಾತ್ರ ಅದನ್ನು ದಾಟಬಹುದು. ಉಬ್ಬರದ ಹೊತ್ತಿಗೆ ಸುತ್ತಿಕೊಂಡು ಹೋಗುವ ಬೇರೆ ದಾರಿಯಿಲ್ಲ. ಮಧ್ಯಾಹ್ನ 1 ಗಂಟೆಗೆ ಇಳಿತವಿದ್ದರೆ 11.30ರಿಂದ 3ರವರೆಗೆ ನಿಮ್ಮ ಬಾಗಿಲು ತೆರೆದಿರುತ್ತದೆ. 3.20ಕ್ಕೆ ತಲುಪಿದರೆ ದಡದಲ್ಲಿ ಕೂತು ಮುಂದಿನ ಇಳಿತಕ್ಕೆ ಕಾಯಬೇಕು, ಅದು ಬರುವುದು ನಡುರಾತ್ರಿ ಕಳೆದ ಮೇಲೆ.

ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಹನ್ನೆರಡು ಗಂಟೆ 25 ನಿಮಿಷ. ಹಾಗಾಗಿ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ನಿನ್ನೆ ದಾಟಿದವರು ಹೇಳಿದ ಹೊತ್ತು ಇವತ್ತಿಗೆ ಆಗದು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಎರಡೂ ಮಂಕು. ಹುಣ್ಣಿಮೆಯ ಇಳಿತದಲ್ಲಿ ಒಣ ಮರಳಿನ ಮೇಲೆ ಸಿಗುವ ದಾರಿ ಅಷ್ಟಮಿಯಂದು ಒದ್ದೆಯಾಗಿಯೇ ಇರಬಹುದು.

ನೀರು ಏರುವ ವೇಗವೂ ಒಂದೇ ಸಮ ಇರುವುದಿಲ್ಲ. ನಾವಿಕರ ಹಳೆಯ ಲೆಕ್ಕವೊಂದಿದೆ, ಇಳಿತದಿಂದ ಉಬ್ಬರದ ಆರು ಗಂಟೆಗಳಲ್ಲಿ ಏರುವ ನೀರನ್ನು ಅವರು ಹನ್ನೆರಡು ಪಾಲು ಮಾಡುತ್ತಾರೆ. ಮೊದಲ ಗಂಟೆಯಲ್ಲಿ ಒಂದು ಪಾಲು ಏರುತ್ತದೆ, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು. ಇಳಿತಕ್ಕೂ ಉಬ್ಬರಕ್ಕೂ 3.6 ಮೀಟರ್ ವ್ಯತ್ಯಾಸವಿರುವ ಕಡೆ ಮೊದಲ ಗಂಟೆಯಲ್ಲಿ 30 ಸೆಂಟಿಮೀಟರ್ ಏರಿದ ನೀರು ಮೂರನೆಯ ಗಂಟೆಯಲ್ಲಿ 90 ಸೆಂಟಿಮೀಟರ್ ಏರುತ್ತದೆ. ಇಳಿತ ಕಳೆದು ಎರಡು ಗಂಟೆಯ ಮೇಲೆ ದಾಟಬೇಡಿ ಎನ್ನುವುದು ಯಾಕೆಂದು ಈ ಲೆಕ್ಕ ನೋಡಿದರೆ ತಿಳಿಯುತ್ತದೆ. ಇದು ಅಂದಾಜು ಮಾತ್ರ. ಗಾಳಿ ಸಮುದ್ರದಿಂದ ದಡಕ್ಕೆ ಬೀಸುತ್ತಿದ್ದರೆ, ವಾಯುಭಾರ ಕುಸಿದಿದ್ದರೆ ಪಟ್ಟಿಯಲ್ಲಿ ಬರೆದದ್ದಕ್ಕಿಂತ ನೀರು ಹೆಚ್ಚಿರುತ್ತದೆ.

ಉಬ್ಬರ-ಇಳಿತದ ಪಟ್ಟಿ ಓದುವಾಗ ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಕೆಲವು ಪಟ್ಟಿಗಳು ಹಳೆಯ ಹೊತ್ತನ್ನೇ ತೋರಿಸುತ್ತವೆ. ಕೆನಡಾದ ವೆಸ್ಟ್ ಕೋಸ್ಟ್ ಟ್ರೇಲ್‌ಗೆ ಹೋಗುವವರಿಗೆ ಇದು ಚೆನ್ನಾಗಿ ಗೊತ್ತು. ಪಟ್ಟಿಯ ತಲೆಯಲ್ಲಿ ಯಾವ ಹೊತ್ತು ಎಂದು ಬರೆದಿರುವುದನ್ನು ಓದಿಕೊಳ್ಳಿ, ಅನುಮಾನವಿದ್ದರೆ ಉದ್ಯಾನದ ಕಚೇರಿಯಲ್ಲಿ ಕೇಳಿ. ಒಂದು ಗಂಟೆಯ ತಪ್ಪು ಅಳಿವೆಯಲ್ಲಿ ಬಹಳ ದೊಡ್ಡದು.

ದಕ್ಷಿಣ ಆಫ್ರಿಕಾದ ಆಟರ್ ಟ್ರೇಲ್‌ನಲ್ಲಿ ನಾಲ್ಕನೆಯ ದಿನ ಬ್ಲೌಕ್ರಾನ್ಸ್ ನದಿಯ ಬಾಯಿಯನ್ನು ದಾಟಬೇಕು. ಇಳಿತ ಬೆಳಿಗ್ಗೆ ಬೇಗ ಇದ್ದರೆ ಜನ ಕತ್ತಲಲ್ಲೇ ತಲೆದೀಪ ಕಟ್ಟಿಕೊಂಡು ಹೊರಡುತ್ತಾರೆ. ಚೀಲವನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತೇಲಿಸಿಕೊಂಡು ಈಜುವವರೂ ಇದ್ದಾರೆ. ನೀವೂ ಹಾಗೆಯೇ ನಡಿಗೆಯ ದಿನಗಳನ್ನು ಇಳಿತದ ಸುತ್ತ ಜೋಡಿಸಿ. ಎಷ್ಟು ಹೊತ್ತಿಗೆ ಏಳಬೇಕು, ಯಾವ ಗುಡಿಸಲಲ್ಲಿ ರಾತ್ರಿ ಉಳಿಯಬೇಕು ಎಲ್ಲವೂ ಅದರ ಮೇಲೆ ನಿಲ್ಲಲಿ. ತಂಗುವ ಜಾಗ ಕಾಯ್ದಿರಿಸುವ ಮುಂಚೆಯೇ ಆ ತಾರೀಕಿನ ಪಟ್ಟಿ ತೆಗೆದು ನೋಡಿ.

ಪ್ರಶ್ನೆ: ಪ್ರವಾಸದಲ್ಲಿ ಒಂದು ಕಡೆ ಪರಿಚಯದ ಡೈವ್ ಮಾಡಿದೆ. ನಾಲ್ಕು ಮೀಟರ್ ಇಳಿಯುವಷ್ಟರಲ್ಲಿ ಕಿವಿ ಸಿಡಿಯುವಂಥ ನೋವು. ಸ್ವಲ್ಪ ನೆಗಡಿಯೂ ಇತ್ತು. ಅಲ್ಲಿನ ಶಿಕ್ಷಕ ಮೂಗು ಬಿಡಿಸುವ ಮಾತ್ರೆ ಕೊಟ್ಟು, ಜೋರಾಗಿ ಊದು, ಸರಿಹೋಗುತ್ತದೆ ಎಂದ. ನಾನು ಮೇಲೆ ಬಂದುಬಿಟ್ಟೆ. ನನ್ನದೇ ತಪ್ಪೇ?
– ಕಾಲೇಜು ವಿದ್ಯಾರ್ಥಿನಿ

ನೀನು ಮಾಡಿದ್ದೇ ಸರಿ. ಆ ಶಿಕ್ಷಕ ಹೇಳಿದ್ದು ತಪ್ಪು.

ಕಿವಿಗೆ ಕಷ್ಟವೆಲ್ಲ ಮೊದಲ ಕೆಲವು ಮೀಟರುಗಳಲ್ಲೇ. ಮೇಲ್ಮೈಯಿಂದ 10 ಮೀಟರಿಗೆ ಒತ್ತಡ ಎರಡು ಪಟ್ಟಾಗುತ್ತದೆ, 10ರಿಂದ 20ಕ್ಕೆ ಹೋದರೆ ಒಂದೂವರೆ ಪಟ್ಟು ಮಾತ್ರ. ಮೂಗು ಹಿಡಿದು ಮೆಲ್ಲಗೆ ಊದುವ ವಿಧಾನಕ್ಕೆ ವಾಲ್ಸಾಲ್ವಾ ಎನ್ನುತ್ತಾರೆ. ಇದರಲ್ಲಿ ಮುಖ್ಯವಾದದ್ದು ಮೆಲ್ಲಗೆ ಎನ್ನುವುದು. ನೋವು ಬಂದ ಮೇಲೆ ಊದಿದರೆ ತಡವಾಯಿತು. ಕಿವಿಯನ್ನು ಮೂಗಿನ ಹಿಂಭಾಗಕ್ಕೆ ಜೋಡಿಸುವ ಸಣ್ಣ ನಾಳ ಅಷ್ಟರಲ್ಲಿ ಒತ್ತಿ ಮುಚ್ಚಿಹೋಗಿರುತ್ತದೆ. ನೀರಿನ ಮೇಲಿರುವಾಗಲೇ ಒಮ್ಮೆ ಬಿಡಿಸಿಕೊಳ್ಳಬೇಕು, ಕಾಲು ಕೆಳಗೆ ಮಾಡಿ ಹಗ್ಗ ಹಿಡಿದು ಇಳಿಯಬೇಕು, ಅರ್ಧರ್ಧ ಮೀಟರಿಗೆ ಮತ್ತೆ ಬಿಡಿಸಬೇಕು. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೊಮ್ಮೆ ನೋಡಬೇಕು. ಆಗಲೂ ಬಿಡದಿದ್ದರೆ ಆ ದಿನದ ಡೈವ್ ಮುಗಿಯಿತು. ಬಲವಂತ ಮಾಡಿದರೆ ತಮಟೆ ಹರಿದು, ತಣ್ಣೀರು ಒಳಹೊಕ್ಕು, ನೀರಿನೊಳಗೇ ತಲೆ ಸುತ್ತಿ ಮೇಲು ಕೆಳಗು ತಿಳಿಯದಂತಾಗಬಹುದು.

ನೆಗಡಿಯ ಮಾತ್ರೆಯ ತೊಂದರೆ ಏನೆಂದರೆ ಅದರ ಪರಿಣಾಮ ನೀರಿನೊಳಗಿರುವಾಗಲೇ ಇಳಿದುಹೋಗಬಹುದು. ಆಗ ಕಿವಿಯೊಳಗಿನ ಗಾಳಿ ಮೇಲೆ ಬರುವಾಗ ಸಿಕ್ಕಿಕೊಳ್ಳುತ್ತದೆ. ಇಳಿಯುವಾಗ ನೋವಾದರೆ ಇಳಿಯದೆ ಇರಬಹುದು, ಏರುವಾಗ ನೋವಾದರೆ ಏರದೆ ಇರಲಾಗದು. ಮಾತ್ರೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮಲೇರಿಯಾ ಇರುವ ಕಡೆ ಹೋಗುವಾಗ ವೈದ್ಯರಿಗೆ ಡೈವಿಂಗ್ ಮಾಡುತ್ತೇನೆ ಎಂದು ಹೇಳಿ. ಮೆಫ್ಲೋಕ್ವಿನ್ ಎಂಬ ಮಾತ್ರೆಯಿಂದ ಕೆಲವರಿಗೆ ತಲೆಸುತ್ತು, ಕಳವಳ ಬರುತ್ತದೆ. ನೀರಿನಿಂದ ಮೇಲೆ ಬಂದವರಲ್ಲಿ ಅದನ್ನು ಮೈಯಲ್ಲಿ ಗುಳ್ಳೆ ಕಟ್ಟುವ ನೈಟ್ರೋಜನ್ ಕಾಯಿಲೆಯಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಬೇರೆ ಮಾತ್ರೆಗಳಿವೆ.

ಮುಂದಿನ ಸಲಕ್ಕೆ ಮುಂಚೆ ಒಮ್ಮೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸು.

ಪ್ರಶ್ನೆ: ಒಂದೇ ಬೀದಿಯಲ್ಲಿ ಹತ್ತು ಡೈವಿಂಗ್ ಶಾಲೆ. ಒಬ್ಬೊಬ್ಬರದು ಒಂದೊಂದು ಸಂಸ್ಥೆಯ ಬೋರ್ಡು. ಯಾವುದು ಒಳ್ಳೆಯದು?
– ಬ್ಯಾಂಕ್ ಉದ್ಯೋಗಿ

ಬೋರ್ಡು ನೋಡಬೇಡಿ, ಕಲಿಸುವವರನ್ನು ನೋಡಿ. ಕೋರ್ಸ್ ರೂಪಿಸಿ ಕಾರ್ಡ್ ಕೊಡುವ ಸಂಸ್ಥೆಗಳಲ್ಲಿ ಸಿಎಂಎಎಸ್ ಶುರುವಾದದ್ದು 1959ರಲ್ಲಿ, ಪ್ಯಾಡಿ 1966ರಲ್ಲಿ, ಎಸ್‌ಎಸ್‌ಐ 1970ರಲ್ಲಿ. ಪಾಠಗಳು ಹೆಚ್ಚುಕಡಿಮೆ ಒಂದೇ, ಒಬ್ಬರ ಕಾರ್ಡನ್ನು ಇನ್ನೊಬ್ಬರ ಶಾಲೆ ಒಪ್ಪುತ್ತದೆ.

ದುಡ್ಡು ಕೊಡುವ ಮುಂಚೆ ನಿಮಗೆ ಕಲಿಸುವ ಶಿಕ್ಷಕರ ಜೊತೆಗೇ ಹತ್ತು ನಿಮಿಷ ಮಾತಾಡಿ. ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿ. ಪ್ಯಾಡಿ ನಿಯಮದಲ್ಲಿ ತೆರೆದ ನೀರಿನಲ್ಲಿ ಒಬ್ಬ ಶಿಕ್ಷಕರಿಗೆ ಎಂಟು ಜನರವರೆಗೆ ಅವಕಾಶವಿದೆ. ನನ್ನ ಕಣ್ಣು ಎಂಟು ಜನರ ಮೇಲೆ ಒಟ್ಟಿಗೆ ಇರಲಾರದು, ನಾನು ನಾಲ್ಕಕ್ಕೇ ನಿಲ್ಲಿಸುತ್ತೇನೆ. ಆಮ್ಲಜನಕದ ಕಿಟ್ ಎಲ್ಲಿದೆ, ತೋರಿಸಿ ಎನ್ನಿ. ಒಳ್ಳೆಯವರು ಬೇಸರಿಸಿಕೊಳ್ಳದೆ ತೋರಿಸುತ್ತಾರೆ. ಹತ್ತಿರದ ಒತ್ತಡ ಕೊಠಡಿ, ಅಂದರೆ ನೈಟ್ರೋಜನ್ ಕಾಯಿಲೆಗೆ ಚಿಕಿತ್ಸೆ ಕೊಡುವ ಜಾಗ, ಎಷ್ಟು ದೂರ ಎಂದು ಕೇಳಿ. ಹವಾಮಾನ ಕೆಟ್ಟರೆ ಏನು ಮಾಡುತ್ತೀರಿ ಎಂದೂ ಕೇಳಿ. ಈ ಪ್ರಶ್ನೆಗೆ ಬರುವ ಉತ್ತರದಲ್ಲೇ ಅವರು ಎಂಥವರೆಂದು ಗೊತ್ತಾಗುತ್ತದೆ. ಇವತ್ತು ಬೇಡ ಎಂದು ಹೇಳಬಲ್ಲ ಶಿಕ್ಷಕರ ಹತ್ತಿರ ಕಲಿಯಿರಿ, ಹತ್ತು ದಿನ ಕಾಯಬೇಕಾದರೂ ಸರಿ.

ಎರಡೇ ದಿನದಲ್ಲಿ ಕಾರ್ಡ್ ಕೊಡುತ್ತೇವೆ ಎನ್ನುವವರಿಂದ ದೂರವಿರಿ. ಪಾಠ, ಆಳವಿಲ್ಲದ ನೀರಿನ ಅಭ್ಯಾಸ, ಕನಿಷ್ಠ ಎರಡು ದಿನಗಳಲ್ಲಿ ಹರಡಿದ ನಾಲ್ಕು ಸಮುದ್ರದ ಡೈವ್ – ಇಷ್ಟನ್ನು ನೆಮ್ಮದಿಯಾಗಿ ಮಾಡಲು ಮೂರು ನಾಲ್ಕು ದಿನ ಬೇಕು. ದಿನ ಉಳಿಸಬೇಕಿದ್ದರೆ ಪಾಠವನ್ನು ಆನ್‌ಲೈನಿನಲ್ಲಿ ಮನೆಯಲ್ಲೇ ಓದಿ ಮುಗಿಸಿ. ಕೊಳದ ಅಭ್ಯಾಸವನ್ನೂ ಊರಲ್ಲೇ ಮುಗಿಸಿ, ಅದರ ಪತ್ರ ತೆಗೆದುಕೊಂಡು ಹೋಗಿ, ಸಮುದ್ರದ ಡೈವ್‌ಗಳನ್ನು ಮಾತ್ರ ಬೇರೆ ಕಡೆ ಮಾಡುವ ವ್ಯವಸ್ಥೆಯೂ ಇದೆ.

ಸಲಕರಣೆಯನ್ನು ನೀವೇ ಒಮ್ಮೆ ಪರೀಕ್ಷಿಸಬಹುದು. ಸಿಲಿಂಡರ್ ಜೋಡಿಸಿದ ಮೇಲೆ ಮೀಟರಿನ ಮುಳ್ಳನ್ನು ನೋಡುತ್ತಾ ರೆಗ್ಯುಲೇಟರಿನಲ್ಲಿ ನಾಲ್ಕೈದು ಸಲ ಉಸಿರೆಳೆಯಿರಿ. ಮುಳ್ಳು ಸುಮಾರು 200 ಬಾರ್‌ನಲ್ಲಿ ಅಲುಗಾಡದೆ ನಿಂತಿರಬೇಕು. ಪ್ರತಿ ಉಸಿರಿಗೂ ಕೆಳಗಿಳಿದು ಮೇಲೆ ಬರುತ್ತಿದ್ದರೆ ವಾಲ್ವ್ ಪೂರ್ತಿ ತೆರೆದಿಲ್ಲ. ವಿಮೆಯ ಕಾಗದದಲ್ಲಿ ಡೈವಿಂಗ್ ಎಂಬ ಪದವನ್ನು ಹುಡುಕಿ ಓದಿ. ಎಷ್ಟೋ ಪ್ರವಾಸ ವಿಮೆಗಳು ಅದನ್ನು ಹೊರಗಿಡುತ್ತವೆ ಅಥವಾ ಆಳಕ್ಕೆ ಮಿತಿ ಹಾಕುತ್ತವೆ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ನಮ್ಮ ಜೊತೆ ಕೋರ್ಸ್ ಮಾಡಬಹುದೇ?
– ತಂದೆ

ಇನ್ನೊಂದು ವರ್ಷ ತಾಳಿ. ಹತ್ತು ತುಂಬಿದ ಮೇಲೆ ಮಕ್ಕಳ ಕೋರ್ಸ್ ಇದೆ, 12 ಮೀಟರ್ ಮಿತಿಯಲ್ಲಿ, ದೊಡ್ಡವರ ಜೊತೆಯಲ್ಲೇ. ಈ ಸಲ ಒಳ್ಳೆಯ ಅಳತೆಯ ಮಾಸ್ಕ್, ಸ್ನಾರ್ಕೆಲ್ ಕೊಡಿಸಿ. ದೊಡ್ಡವರ ಮಾಸ್ಕ್ ಮಗುವಿನ ಮುಖಕ್ಕೆ ಹಾಕಿ ನೀರು ನುಗ್ಗಿಸಿ ಹೆದರಿಸಬೇಡಿ.

ಪ್ರಶ್ನೆ: ಚಾರಣದಲ್ಲಿ ಹಿಮ್ಮಡಿ ಬೊಬ್ಬೆ ಬಂದರೆ ಡೈವ್ ಮಾಡಬಹುದೇ? ಸನ್‌ಸ್ಕ್ರೀನ್ ಹವಳಕ್ಕೆ ಹಾನಿ ಅಂತಾರೆ, ನಿಜವೇ?
– ಓದುಗಿ

ಒಡೆದ ಬೊಬ್ಬೆಯೊಂದಿಗೆ ಉಪ್ಪುನೀರಿಗೆ ಇಳಿಯಬೇಡಿ. ಫಿನ್ಸ್ ಪಟ್ಟಿ ಉಜ್ಜುವುದೂ ಸರಿಯಾಗಿ ಅಲ್ಲೇ. ಡೈವಿಂಗ್ ಮೊದಲು ಎನ್ನುವ ನನ್ನ ಹಟಕ್ಕೆ ಇದೂ ಒಂದು ಕಾರಣ. ಸನ್‌ಸ್ಕ್ರೀನಿನಲ್ಲಿರುವ ಆಕ್ಸಿಬೆಂಝೋನ್‌ನಂಥ ಕೆಲವು ರಾಸಾಯನಿಕಗಳ ಮೇಲೆ ಪಲಾವು ಎಂಬ ದ್ವೀಪದೇಶ 2020ರಿಂದ, ಹವಾಯಿ 2021ರಿಂದ ನಿಷೇಧ ಹಾಕಿವೆ. ತುಂಬು ತೋಳಿನ ಈಜಂಗಿ ಹಾಕಿದರೆ ಬಳಿಯುವ ಗೋಜೇ ಕಡಿಮೆ. ಚಾರಣದಲ್ಲೂ ಅದೇ ಅಂಗಿ ಆಗುತ್ತದೆ.

ಪ್ರಶ್ನೆ: ನಡೆಯುವ ದಾರಿಯೂ ಮುಳುಗುವ ನೀರೂ ಒಂದೇ ಉದ್ಯಾನದಲ್ಲಿ ಸಿಗುವ ಜಾಗ ಯಾವುದಾದರೂ ಇದೆಯೇ? ಮೇಲೆ ಒಂದು ದೇಶ, ಕೆಳಗೆ ಇನ್ನೊಂದು ದೇಶ ಎನ್ನುವಂತೆ ಓಡಾಡಲು ನನಗೆ ಇಷ್ಟವಿಲ್ಲ.
– ನಿವೃತ್ತ ಭೂಗೋಳ ಮೇಷ್ಟ್ರು

ಮೇಷ್ಟ್ರೇ, ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ ಎನ್ನಬೇಕು. ದಡದ ಬಂಡೆ ನೀರಿನಂಚಿಗೆ ಬಂದು ಮುಗಿಯುವುದಿಲ್ಲ, ಕೆಳಗೂ ಮುಂದುವರಿಯುತ್ತದೆ. ಎರಡನ್ನೂ ನೋಡಿದವರಿಗೆ ಮಾತ್ರ ಅದು ಒಂದೇ ಗುಡ್ಡವಾಗಿ ಕಾಣುತ್ತದೆ.

ನಿಮಗೆ ಫ್ರಾನ್ಸಿನ ದಕ್ಷಿಣ ತೀರ ಹೇಳುತ್ತೇನೆ. ಮಾರ್ಸೇಲ್ ನಗರದ ಪಕ್ಕದ ಕಲಾಂಕ್ ರಾಷ್ಟ್ರೀಯ ಉದ್ಯಾನ 2012ರಲ್ಲಿ ಆದದ್ದು. ಬಿಳಿ ಸುಣ್ಣಕಲ್ಲಿನ ಕಡಿದಾದ ಗೋಡೆಗಳು, ಅವುಗಳ ನಡುವೆ ಒಳನುಗ್ಗಿದ ಕಿರಿದಾದ ಕಡಲ ತೋಳುಗಳು. 1985ರಲ್ಲಿ ಆಂರಿ ಕೊಸ್ಕೇರ್ ಎಂಬ ಡೈವರ್ ಅಲ್ಲಿ 37 ಮೀಟರ್ ಆಳದಲ್ಲಿ ಒಂದು ಸುರಂಗದ ಬಾಯಿ ಕಂಡ. ಆ ಸುರಂಗ ಮೇಲೇರುತ್ತಾ ಹೋಗಿ ನೀರು ಪೂರ್ತಿ ತುಂಬದ ಗುಹೆಯೊಂದಕ್ಕೆ ತೆರೆದುಕೊಳ್ಳುತ್ತದೆ. ಗೋಡೆಯ ಮೇಲೆ ಕುದುರೆಗಳು, ಕಾಡೆಮ್ಮೆಗಳು, ಈಗ ಭೂಮಿಯ ಮೇಲಿಲ್ಲದ ದೊಡ್ಡ ಆಕ್ ಹಕ್ಕಿಗಳು, ಮನುಷ್ಯರ ಅಂಗೈ ಗುರುತುಗಳು. ಕೆಲವು 27,000 ವರ್ಷಕ್ಕೂ ಹಳೆಯವು. ಹಿಮಯುಗದಲ್ಲಿ ಸಮುದ್ರ ನೂರು ಮೀಟರಿಗೂ ಕೆಳಗಿತ್ತು, ಆ ಜನ ಗುಹೆಗೆ ನಡೆದುಕೊಂಡೇ ಹೋಗಿದ್ದರು. 1991ರಲ್ಲಿ ಮೂವರು ಡೈವರ್‌ಗಳು ಆ ಸುರಂಗದಲ್ಲಿ ದಾರಿ ತಪ್ಪಿ ಸತ್ತರು, ಈಗ ಬಾಯಿ ಮುಚ್ಚಿದ್ದಾರೆ. 2022ರಿಂದ ಮಾರ್ಸೇಲ್‌ನಲ್ಲಿ ಗುಹೆಯ ತದ್ರೂಪನ್ನು ನೋಡಬಹುದು. ಮೊದಲು ಅದನ್ನು ನೋಡಿ, ಆಮೇಲೆ ಬಂಡೆಯ ಮೇಲಿನ ದಾರಿಯಲ್ಲಿ ನಡೆಯಿರಿ. ಕಾಲಡಿಯ ನೀರನ್ನು ನೀವು ನೋಡುವ ಬಗೆ ಬೇರೆಯಾಗುತ್ತದೆ.

ಅಲ್ಲಿಂದ ಪೂರ್ವಕ್ಕೆ ಪೋರ್-ಕ್ರೋ ದ್ವೀಪ. 1963ರಲ್ಲೇ ದ್ವೀಪವನ್ನೂ ಸುತ್ತಲ ಸಮುದ್ರವನ್ನೂ ಸೇರಿಸಿ ರಾಷ್ಟ್ರೀಯ ಉದ್ಯಾನ ಮಾಡಿದರು. ಯುರೋಪಿನಲ್ಲಿ ಸಮುದ್ರವನ್ನು ಹಾಗೆ ಕಾಪಾಡಲು ಹೊರಟವರಲ್ಲಿ ಅವರೇ ಮೊದಲಿಗರು. ಮರಗಳ ನೆರಳಲ್ಲಿ ದ್ವೀಪ ಸುತ್ತುವ ಕಾಲುದಾರಿಗಳಿವೆ. ಲಾ ಪಾಲೂ ಎಂಬ ಕಡಲತೀರದಲ್ಲಿ ನೀರಿನೊಳಗೇ ಒಂದು ದಾರಿ ಗುರುತು ಮಾಡಿದ್ದಾರೆ. ಅದಕ್ಕೆ ಸಿಲಿಂಡರೂ ಬೇಡ, ಕೋರ್ಸೂ ಬೇಡ, ಮಾಸ್ಕ್ ಮತ್ತು ಸ್ನಾರ್ಕೆಲ್ ಸಾಕು.

ಬೇಸಿಗೆಯಲ್ಲಿ ಈ ತೀರಕ್ಕೆಲ್ಲ ಕಾಡ್ಗಿಚ್ಚಿನ ಭಯ. ಗಾಳಿ ಜೋರಾದ ದಿನ ಕಲಾಂಕ್‌ನ ದಾರಿಗಳನ್ನು ಮುಚ್ಚುತ್ತಾರೆ, ಮರುದಿನ ತೆರೆದಿರುತ್ತದೆಯೇ ಎಂಬುದು ಹಿಂದಿನ ಸಂಜೆ ತಿಳಿಯುತ್ತದೆ. ಸೆಪ್ಟೆಂಬರ್ ಕೊನೆಗೆ ಹೋಗಿ. ನೀರು ಇನ್ನೂ ಬೆಚ್ಚಗಿರುತ್ತದೆ, ಜನ ಕಡಿಮೆಯಾಗಿರುತ್ತಾರೆ.